ಮರಿಗೂಗು

ಲಚಮವ್ವ ಗುಂಡಿ ಒತ್ತಿದ್ದೇ ತಡ, ಅರ್ಧ ಮೈಲಿ ಕೆಳಗಿನ ಮಡುವಿನಲ್ಲಿ ಪೆಟ್ಟಿಗೆ ಅಳಲು ಶುರುಮಾಡಿತು. "ಉಂಕ್, ಉಂಕ್, ಉಂಕ್" ಎಂದು ಬಿಕ್ಕುವಂಥ ಸಣ್ಣ ಸದ್ದು. ನಮ್ಮ ನಿಮ್ಮ ಕಿವಿಗೆ ಅದೇನೂ ಅಲ್ಲ. ಆದರೆ ದಂಡೆಯ ಬಂಡೆಗಳ ಪಕ್ಕ ಕೊಚ್ಚಿ ಬಂದ ಮರದ ದಿಮ್ಮಿಗಳ ಹಾಗೆ ಬಿದ್ದುಕೊಂಡಿದ್ದ ಮೊಸಳೆಗಳು ಒಂದೊಂದಾಗಿ ತಲೆ ಎತ್ತಿದವು. ಎಲ್ಲಕ್ಕಿಂತ ಮೊದಲು ಎದ್ದವಳು ಮೋಟಿ. ಬಾಲದ ತುದಿ ಎಂದೋ ಕತ್ತರಿಸಿಹೋಗಿದ್ದರಿಂದ ಊರವರು ಆ ಹೆಣ್ಣು ಮೊಸಳೆಗೆ ಇಟ್ಟ ಹೆಸರು ಅದು. ಅವಳು ಸರಕ್ಕನೆ ನೀರಿಗಿಳಿದು ಮಡುವಿನ ಕಡೆ ಈಜಿದಳು. ಹಿಂದೆಯೇ ಉಳಿದವೂ ಹೋದವು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ದಂಡೆ ಖಾಲಿ.

"ಓಡ್ರಿ, ಓಡ್ರಿ ಮುಂಡೇವಾ! ಮಕ್ಕಳು ಅಳಾಕ ಹತ್ಯಾವ!" ಎಂದು ಲಚಮವ್ವ ಅವುಗಳ ಬೆನ್ನಿಗೆ ಕೂಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಹರಿಗೋಲು ಬಿಚ್ಚುತ್ತಿದ್ದ ಮಗನಿಗೆ ಹೇಳಿದಳು: "ಅಮರೇಶಾ, ಈಗ ಇಳಿ."

ಬಿಳಿಗಡ್ಡಿ ಎಂಬುದು ಕೃಷ್ಣೆಯ ನಡುವೆ ಇದ್ದ ನಡುಗಡ್ಡೆ. ಐವತ್ತು ಅರವತ್ತು ಮನೆ, ಎಲ್ಲ ಅಂಬಿಗರವು. ಕಾಲ ಎಷ್ಟು ಮುಂದುವರಿದಿತ್ತೆಂದರೆ, ರೇಷನ್ ಅಕ್ಕಿ ಆಕಾಶದಲ್ಲಿ ಹಾರಿಬಂದು ಅಂಗಳಕ್ಕೆ ಇಳಿಯುತ್ತಿತ್ತು, ಜ್ವರ ಬಂದರೆ ಗೋಡೆಗೆ ಅಂಟಿಸಿದ ಪರದೆಯೇ ನಾಡಿ ನೋಡಿ ಮದ್ದು ಹೇಳುತ್ತಿತ್ತು. ಸೇತುವೆ ಮಾತ್ರ ಬಂದಿರಲಿಲ್ಲ. ಪ್ರತಿ ಚುನಾವಣೆಗೂ ಅದರ ಶಂಕುಸ್ಥಾಪನೆ ಆಗುತ್ತಿತ್ತು, ಆ ಕಲ್ಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹೀಗಾಗಿ ಶಾಲೆಗೆ, ಸಂತೆಗೆ, ಹೆರಿಗೆಗೆ ಎಲ್ಲಕ್ಕೂ ಹರಿಗೋಲೇ ಗತಿ. ಹರಿಗೋಲು ಹತ್ತಬೇಕಾದರೆ ನೀರಿಗೆ ಇಳಿಯಲೇಬೇಕು. ನೀರಿನಲ್ಲಿ ಮೊಸಳೆ.

ಲಚಮವ್ವನ ಗಂಡ ಸಾಬಣ್ಣನನ್ನು ಮೊಸಳೆ ಎಳೆದದ್ದು ಇದೇ ದಂಡೆಯಲ್ಲಿ, ಹರಿಗೋಲನ್ನು ಆಳಕ್ಕೆ ತಳ್ಳುತ್ತಿದ್ದಾಗ. ಅಂದಿನಿಂದ ಅವಳಿಗೆ ಒಂದು ಚಾಳಿ ಅಂಟಿಕೊಂಡಿತು. ಮಗ ನೀರಿನಲ್ಲಿರುವಷ್ಟು ಹೊತ್ತೂ ದಂಡೆಯಲ್ಲಿ ನಿಂತು ಕೂಗುವುದು. ತೇಲುವ ಬಾಳೆದಿಂಡು ಕಂಡರೂ ಕೂಗು, ಎಮ್ಮೆಯ ಮೂತಿ ಕಂಡರೂ ಕೂಗು, ನೀರುಕಾಗೆಯ ನೆರಳು ಬಿದ್ದರೂ ಕೂಗು: "ಅಮರೇಶಾ, ಮ್ಯಾಲೆ ಬಾ!" ಮೊದಮೊದಲು ಹುಡುಗ ಬಿದ್ದೆನೋ ಎದ್ದೆನೋ ಎಂದು ಓಡಿಬರುತ್ತಿದ್ದ. ಬಂದು ನೋಡಿದರೆ ಏನೂ ಇರುತ್ತಿರಲಿಲ್ಲ. ಬರಬರುತ್ತ ಅವನು ತಿರುಗಿ ನೋಡುವುದನ್ನೂ ಬಿಟ್ಟ. ಬೆನ್ನು ಹಾಕಿಕೊಂಡೇ ಒಂದು ಕೈ ಮೇಲೆತ್ತಿ "ಬಂದೆ ಬೇ" ಎನ್ನುತ್ತಿದ್ದ, ತನ್ನ ಕೆಲಸ ತಾನು ಮುಂದುವರಿಸುತ್ತಿದ್ದ. ಅವನೇನು ತಾಯಿಯನ್ನು ತಿರಸ್ಕಾರ ಮಾಡುವ ಮಗನಲ್ಲ. ದಿನಕ್ಕೆ ನಲವತ್ತು ಸಲ ಹೆದರಲು ಯಾರಿಂದ ಆಗುತ್ತದೆ, ನೀವೇ ಹೇಳಿ.

ಇಂಥ ಊರಿಗೆ ಡಾ. ಸುನಂದಾ ಹಂಪಣ್ಣವರ ಎಂಬುವರು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಅವರು ಮೊಸಳೆಗಳ ವಿಜ್ಞಾನಿ. ಬಂದ ಹೊಸದರಲ್ಲಿ ಅವರನ್ನು ಹೊಳೆ ದಾಟಿಸಿದವಳು ಲಚಮವ್ವನೇ. ಹುಟ್ಟು ಹಾಕುತ್ತಲೇ ಅವಳು ಬಾಯಿ ತೆಗೆದಳು.

"ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇವನ್ನ ಹೊಡದು ಹಾಕಾಕ ಏನಡ್ಡಿ?"

"ಕಾನೂನು ಅಡ್ಡಿ. ಅದನ್ನು ಬಿಟ್ಟರೂ ಉಪಯೋಗವಿಲ್ಲ ಲಚಮವ್ವ. ಒಂದನ್ನು ಕೊಂದರೆ ಅದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಹಿಡಿದು ಬೇರೆ ಕಡೆ ಬಿಟ್ಟರೆ ಹೊಳೆ ಹಿಡಿದು ತಿರುಗಿ ಬರುತ್ತವೆ. ನೀವು ನಾವು ಈ ಭೂಮಿಗೆ ಬರುವುದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಇವುಗಳ ಪೂರ್ವಿಕ ಮೊಸಳೆಗಳು ಹೊಳೆದಂಡೆಯಲ್ಲಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದವು. ಆಗ ಬೆಟ್ಟದಂಥ ದೈತ್ಯ ಪ್ರಾಣಿಗಳಿದ್ದವು. ಅವೆಲ್ಲ ನಿರ್ನಾಮವಾದವು, ಇವು ಉಳಿದವು."

"ಯಾಕ ಉಳದ್ವು?"

"ತಿಂಗಳುಗಟ್ಟಲೆ ತಿನ್ನದೆ ಬದುಕುತ್ತವೆ. ನೀರಿಲ್ಲದಿದ್ದರೆ ಮಣ್ಣಿನಲ್ಲಿ ಬಿಲ ತೋಡಿಕೊಂಡು ಮಲಗುತ್ತವೆ. ಇನ್ನೊಂದು ವಿಷಯ ಯಾರೂ ನಂಬುವುದಿಲ್ಲ. ಇವು ಒಳ್ಳೆಯ ತಾಯಂದಿರು." ಸುನಂದಾ ಈಗ ಉತ್ಸಾಹದಿಂದ ಮುಂದಕ್ಕೆ ಬಾಗಿದರು. "ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಮುಚ್ಚುತ್ತವೆ. ಆ ಗೂಡು ಎಷ್ಟು ಬಿಸಿಯಾಗಿದೆ ಎನ್ನುವುದರ ಮೇಲೆ ಮರಿ ಹೆಣ್ಣೋ ಗಂಡೋ ತೀರ್ಮಾನವಾಗುತ್ತದೆ."

"ನಮ್ಮ ಮಂದಿಗೂ ಹಂಗ ಇದ್ದಿದ್ರ ಚಲೋ ಆಗ್ತಿತ್ತು ಬಿಡ್ರಿ. ಹೆಣ್ಣು ಹಡದಾಕಿನ್ನ ಬೈಯೂ ಬದಲಿ ಬಿಸಲಿಗಿ ಬೈತಿದ್ರು."

ಸುನಂದಾ ಜೋರಾಗಿ ನಕ್ಕರು. ಆಮೇಲೆ ಹೇಳಿದರು: "ಮರಿ ಬಲಿತ ಮೇಲೆ ಮೊಟ್ಟೆಯ ಒಳಗಿಂದಲೇ ಕೂಗುತ್ತದೆ. ಮೇಲಿನ ಮಣ್ಣು ಅಷ್ಟರಲ್ಲಿ ಒಣಗಿ ಗಟ್ಟಿಯಾಗಿರುತ್ತದೆ, ಅವುಗಳಿಗೆ ತಾವಾಗಿ ಹೊರಗೆ ಬರಲು ಆಗುವುದಿಲ್ಲ. ತಾಯಿ ಆ ಕೂಗು ಕೇಳಿ ಬಂದು ಮಣ್ಣು ತೋಡಬೇಕು. ತೋಡಿ, ಒಂದೊಂದನ್ನೇ ಬಾಯಲ್ಲಿ ಎತ್ತಿಕೊಂಡು ನೀರಿಗೆ ಬಿಡುತ್ತಾಳೆ. ಒಂದು ಹಲ್ಲೂ ತಾಕುವುದಿಲ್ಲ."

"ಆ ಬಾಯಾಗ?" ಎಂದಳು ಲಚಮವ್ವ. ಹುಟ್ಟು ನಿಂತುಹೋಯಿತು. ಆ ಬಾಯನ್ನು ಅವಳು ಹತ್ತಿರದಿಂದ ಕಂಡಿದ್ದಳು. ಅಂಥ ಬಾಯಿಗೆ ಅಂಥ ಮೆತ್ತನೆಯ ಕೆಲಸವೂ ಗೊತ್ತು ಎಂದು ಕೇಳಿ ಅವಳಿಗೆ ಸಮಾಧಾನವಾಗಲಿಲ್ಲ, ಮೈಯೆಲ್ಲ ಉರಿಯಿತು.

ಪೆಟ್ಟಿಗೆಯ ಗುಟ್ಟು ಇಷ್ಟೇ. ಮರಿಯ ಕೂಗು ಕೇಳಿದರೆ ಹೆತ್ತವಳು ಮಾತ್ರವಲ್ಲ, ಸುತ್ತಲಿನ ದೊಡ್ಡ ಮೊಸಳೆಗಳೆಲ್ಲ ಧಾವಿಸುತ್ತವೆ. ಆ ಕೂಗನ್ನು ದೂರದ ಮಡುವಿನಲ್ಲಿ ಹುಟ್ಟಿಸಿದರೆ ದಂಡೆ ಖಾಲಿಯಾಗುತ್ತದೆ. ಹಿಂದೆಯೂ ಇಂಥ ಯಂತ್ರಗಳನ್ನು ಮಾಡಿದ್ದರಂತೆ. ಅವು ಒಂದೇ ರಾಗ ಹಾಡುತ್ತಿದ್ದುದರಿಂದ ಮೊಸಳೆಗಳು ಬಹುಬೇಗ ಮೋಸ ಕಂಡುಹಿಡಿದವು. ಸುನಂದಾ ಮಾಡಿದ್ದು ತಾನೇ ಕಲಿಯುವ ಯಂತ್ರ. ಗೂಡುಗಳ ಪಕ್ಕ ಹೂತಿಟ್ಟ ‘ನೆಲಗಿವಿ’ಗಳ ಮೂಲಕ ಅದು ನಿಜವಾದ ಮರಿಗಳ ದನಿ ಕೇಳುತ್ತಿತ್ತು, ಪ್ರತಿ ಸಲವೂ ಹೊಸ ಮರಿಯೊಂದು ಕೂಗಿದಂತೆ ಕೂಗುತ್ತಿತ್ತು. ಸರ್ಕಾರಿ ಕಾಗದದಲ್ಲಿ ಅದರ ಹೆಸರು ‘ಮರಿಗೂಗು ಯಂತ್ರ’, ಬಿಳಿಗಡ್ಡಿಯವರ ಬಾಯಲ್ಲಿ ‘ಅಳುಬುರುಕಿ’.

"ಹೆತ್ತ ತಾಯಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ," ಎಂದು ಸುನಂದಾ ಊರ ಸಭೆಯಲ್ಲಿ ಹೇಳಿದರು. ಹೇಳುವಾಗ ಅವರ ಮುಖ ಅರಳಿತ್ತು. ಅಂಥದ್ದೊಂದನ್ನು ಮಾಡಿದವರಿಗೆ ಅಷ್ಟು ಹೆಮ್ಮೆ ಇರಬೇಕಾದ್ದೇ.

ಷರತ್ತುಗಳನ್ನೂ ಅವರು ಬಿಡಿಸಿ ಹೇಳಿದರು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು, ಅಷ್ಟೇ. ಬಸವ ಜಯಂತಿಯಿಂದ ಕಾರಹುಣ್ಣಿಮೆಯವರೆಗಂತೂ ಗುಂಡಿಯನ್ನು ಮುಟ್ಟಲೇಬಾರದು, ಅದು ಮೊಟ್ಟೆ ಒಡೆಯುವ ಕಾಲ. ಗುಂಡಿ ಯಾರ ಕೈಯಲ್ಲಿರಬೇಕು ಎಂಬ ಮಾತು ಬಂದಾಗ ಲಚಮವ್ವ ಎದ್ದು ನಿಂತು ಕೈ ಚಾಚಿದಳು. "ಗಂಡನ್ನ ಕೊಟ್ಟಾಕಿ ನಾನು," ಎಂದಳು. ಊರ ಹಿರಿಯ ಗಿಡ್ಡಯ್ಯ ತಲೆಯಾಡಿಸಿದ. ಗುಂಡಿ ಅವಳ ಕೈಗೆ ಬಂತು.

ಒಂದು ವಾರ ಅವಳು ಷರತ್ತಿನಂತೆಯೇ ನಡೆದಳು. ಎಂಟನೆಯ ದಿನ ಅಮರೇಶ ನಡುಮಧ್ಯಾಹ್ನ ಬಲೆ ಹಾಕಲು ಎದೆಮಟ್ಟ ನೀರಿಗೆ ಇಳಿದ. ಲಚಮವ್ವ ದಂಡೆಯಲ್ಲಿ ನಿಂತಿದ್ದಳು. ಕೈಯಲ್ಲಿ ಗುಂಡಿ ಇದೆ, ಕಣ್ಣೆದುರು ಮಗ ಇದ್ದಾನೆ. ಒತ್ತದೆ ಇರಲು ಅವಳೇನು ಕಲ್ಲೇ? ಒತ್ತಿದಳು. ಆಮೇಲೆ ಅವನು ಇಳಿದಾಗಲೆಲ್ಲ ಒತ್ತಿದಳು. ಅಮರೇಶನ ಕೆಲಸವೇ ನೀರಿನಲ್ಲಿ, ಹಾಗಾಗಿ ಪೆಟ್ಟಿಗೆ ದಿನವಿಡೀ ಅತ್ತಿತು. ಬಸವ ಜಯಂತಿ ಬಂತು, ಹೋಯಿತು. "ಹಬ್ಬ ಅಂತ ಮೊಸಳಿ ಉಪವಾಸ ಮಾಡ್ತಾವೇನು?" ಎಂದು ಬೇಸಿಗೆಯಲ್ಲೂ ಒತ್ತಿದಳು. ನಿಜ ಹೇಳಬೇಕೆಂದರೆ ಅವಳಿಗೆ ಅದರಲ್ಲಿ ಸುಖವೂ ಇತ್ತು. ಮೋಟಿ ಎದ್ದುಬಿದ್ದು ಓಡುವುದನ್ನು, ಬರಿಯ ಡಬ್ಬಿಯ ಸುತ್ತ ಹುಡುಕಿ ಹುಡುಕಿ ಸೋತು ತಿರುಗಿ ಬರುವುದನ್ನು ನೋಡಿದಾಗ, ಗಂಡ ಹೋದ ದಿನ ತಾನು ದಂಡೆಗುಂಟ ಓಡಾಡಿದ್ದು ನೆನಪಾಗುತ್ತಿತ್ತು. ನೀನೂ ಹುಡುಕು, ನಿನಗೂ ಗೊತ್ತಾಗಲಿ ಎಂದು ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

"ಯವ್ವಾ, ನೀನೂ ಆ ಅಳುಬುರುಕಿನೂ ಅಕ್ಕತಂಗೇರು ನೋಡು," ಎಂದು ಅಮರೇಶ ಊಟಕ್ಕೆ ಕೂತಾಗ ಚೇಷ್ಟೆ ಮಾಡುತ್ತಿದ್ದ. "ಅದು ಆ ಕಡೆ ಒದರ್ತದ, ನೀ ಈ ಕಡೆ ಒದರ್ತಿ. ನಡಬರಕ ನನ್ನ ಕಿವಿ ಹೋತು."

"ಹೋದ್ರ ಹೋಗ್ಲಿ. ಕಾಲು ಇದ್ರ ಸಾಕು," ಎಂದು ಅವಳು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಯಂತ್ರ ಬಂದ ಮೇಲೆ ಊರಿನಲ್ಲಿ ಒಂದು ಪದ್ಧತಿ ಸದ್ದಿಲ್ಲದೆ ಹೋಯಿತು. ಹಿಂದೆ ನೀರಿಗೆ ಇಳಿಯುವ ಮೊದಲು ಹರಿಗೋಲಿನ ಹುಟ್ಟಿನ ಅಗಲ ಬದಿಯಿಂದ ನೀರಿನ ಮೇಲೆ ಬಾರಿಸಬೇಕಿತ್ತು. ಅಲೆ ಅಡಗುವ ತನಕ ಮಾತಾಡದೆ ನಿಂತು ನೋಡಬೇಕಿತ್ತು. ಅದಕ್ಕೆ ‘ನೀರು ಕೇಳುವುದು’ ಎನ್ನುತ್ತಿದ್ದರು. ನೀರು ಕೇಳದೆ ಇಳಿದವನಿಗೆ ಹಿರಿಯರು ಮುಖಮೂತಿ ನೋಡದೆ ಬೈಯುತ್ತಿದ್ದರು. ಈಗ ಗುಂಡಿ ಇರುವಾಗ ನೀರನ್ನು ಕೇಳುವವರು ಯಾರು? ಮಕ್ಕಳು ಈಜಿದರು, ಹೆಂಗಸರು ಕುತ್ತಿಗೆಮಟ್ಟ ಇಳಿದು ಮಿಂದರು. ಯಾರಿಗೂ ಏನೂ ಆಗಲಿಲ್ಲ.

ಪೆಟ್ಟಿಗೆ ಎಷ್ಟು ಹೊತ್ತು ಅತ್ತಿತು ಎಂಬುದು ದೂರದ ಊರಿನಲ್ಲಿದ್ದ ಸುನಂದಾ ಅವರ ಪರದೆಗೆ ದಿನಾ ಬರುತ್ತಿತ್ತು. ಅವರು ನೋಡಿದರು, ಹುಬ್ಬು ಗಂಟಿಕ್ಕಿದರು, ಒಮ್ಮೆ ಫೋನ್ ಮಾಡಿ "ಸ್ವಲ್ಪ ಕಡಿಮೆ ಮಾಡಿ ಲಚಮವ್ವ" ಎಂದರು. "ಹೂನ್ರಿ ಅಕ್ಕಾರ" ಎಂದಳು ಇವಳು. ಅಲ್ಲಿಗೆ ಮುಗಿಯಿತು. ಏಕೆಂದರೆ ಅದೇ ಪರದೆಯ ಇನ್ನೊಂದು ಮೂಲೆಯಲ್ಲಿ, ಮೊಸಳೆಗೆ ಸಿಕ್ಕವರ ಸಂಖ್ಯೆ ಸೊನ್ನೆ ಎಂದಿತ್ತು. ಆ ಸೊನ್ನೆಗೆ ಸನ್ಮಾನಗಳಾಗುತ್ತಿದ್ದವು, ಬೇರೆ ರಾಜ್ಯಗಳ ಹೊಳೆಗಳಿಂದ ಬೇಡಿಕೆ ಬರುತ್ತಿತ್ತು. ಎರಡನೆಯ ಬೇಸಿಗೆಯಲ್ಲಿ ಬಿಳಿಗಡ್ಡಿಯ ಸುತ್ತ ಒಂದೇ ಒಂದು ಮರಿಯೂ ಕಾಣಲಿಲ್ಲ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಗೂಡುಗಳು ಕೊಚ್ಚಿಹೋಗಿರಬೇಕು ಎಂದು ಸುನಂದಾ ಅಂದುಕೊಂಡರು. ಪೀಡೆ ತೊಲಗಿತು ಎಂದು ಊರು ಅಂದುಕೊಂಡಿತು.

ಮೂರನೆಯ ಬೇಸಿಗೆ ಬಂತು. ಕಾರಹುಣ್ಣಿಮೆ ಇನ್ನೂ ಮುಂದಿತ್ತು. ಒಂದು ಮಧ್ಯಾಹ್ನ ಅಮರೇಶ ಗೂಟಕ್ಕೆ ಸಿಕ್ಕಿಕೊಂಡ ಬಲೆ ಬಿಡಿಸಲು ನೀರಿಗಿಳಿದ. ಲಚಮವ್ವ ಗುಂಡಿ ಒತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಜಾಲಿ ಕಟ್ಟಿಗೆ ಆರಿಸಲು ಉಸುಕಿನ ದಿಬ್ಬದ ಆಚೆ ಹೋದಳು.

ಅಲ್ಲಿ ಅವಳಿಗೆ ಕೂಗು ಕೇಳಿತು. "ಉಂಕ್, ಉಂಕ್, ಉಂಕ್." ತೀರ ಹತ್ತಿರದಲ್ಲಿ. ಪೆಟ್ಟಿಗೆ ಹಗ್ಗ ಹರಿದುಕೊಂಡು ಇಲ್ಲಿಗೆ ತೇಲಿ ಬಂತೇನೋ ಎಂದು ಸುತ್ತ ನೋಡಿದಳು. ಪೆಟ್ಟಿಗೆ ಇರಲಿಲ್ಲ. ಅದರ ಸದ್ದು ದೂರದ ಮಡುವಿನಿಂದ ಬೇರೆಯೇ ಬರುತ್ತಿತ್ತು. ಈ ಸದ್ದು ಅವಳ ಕಾಲ ಕೆಳಗಿನಿಂದ. ಬಗ್ಗಿ ನೆಲಕ್ಕೆ ಕಿವಿ ಇಟ್ಟಳು. ಗಟ್ಟಿಯಾದ ಉಸುಕಿನ ಅಡಿಯಲ್ಲಿ ಒಂದಲ್ಲ ಎರಡಲ್ಲ, ಇಪ್ಪತ್ತು ಮೂವತ್ತು ಗಂಟಲುಗಳು ಒಟ್ಟಿಗೆ ಕರೆಯುತ್ತಿದ್ದವು.

ತಲೆ ಎತ್ತಿದರೆ ಎದುರಿಗೆ ಮೋಟಿ. ಕಲ್ಲೆಸೆದರೆ ಬೀಳುವಷ್ಟು ಹತ್ತಿರ, ತೆಳುನೀರಿನಲ್ಲಿ ಮಲಗಿದ್ದಳು. ಲಚಮವ್ವ ಕಟ್ಟಿಗೆ ಬಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಈಗ ಮೇಲೆ ಬರುತ್ತಾಳೆ, ಈಗ ತೋಡುತ್ತಾಳೆ ಎಂದುಕೊಂಡಳು. ಮೋಟಿ ಬರಲಿಲ್ಲ. ಒಮ್ಮೆ ತಲೆ ಎತ್ತಿ ಉಸುಕಿನ ಕಡೆ ನೋಡಿದಳು. ಮಡುವಿನ ಕಡೆಗೂ ನೋಡಿದಳು. ಆಮೇಲೆ, ನೋಡಿ ನೋಡಿ ಸಾಕಾದ ಮುದುಕಿಯ ಹಾಗೆ, ಗಲ್ಲವನ್ನು ನೀರಿನ ಮೇಲೆ ಊರಿ ಕಣ್ಣು ಮುಚ್ಚಿದಳು. ಮಣ್ಣಿನ ಕೆಳಗೆ ಅವಳ ಮಕ್ಕಳು ಕರೆಯುತ್ತಲೇ ಇದ್ದವು.

"ಅಯ್ಯ ನನ್ನವ್ವ," ಎಂದಳು ಲಚಮವ್ವ, "ಇದೂ ಡಬ್ಬೀನ ಅಂತ ತಿಳಕೊಂಡೀಯಲ್ಲ!" ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಮರುಕ್ಷಣ ಅವಳಿಗೆ ಇನ್ನೊಂದು ಹೊಳೆಯಿತು. ಮಡುವಿನಲ್ಲಿ ಪೆಟ್ಟಿಗೆ ಅಳುತ್ತಿದೆ, ಮೋಟಿ ಇಲ್ಲೇ ಇದ್ದಾಳೆ. ಎಲ್ಲಕ್ಕಿಂತ ಮೊದಲು ಓಡುತ್ತಿದ್ದವಳೇ ಓಡಿಲ್ಲ ಎಂದರೆ ಉಳಿದವು?

ದಿಬ್ಬ ಹತ್ತಿ ನೋಡಿದಳು. ಅಮರೇಶ ಎದೆಮಟ್ಟ ನೀರಿನಲ್ಲಿ, ಹೊಳೆಗೆ ಬೆನ್ನು ಹಾಕಿ ಬಲೆ ಬಿಡಿಸುತ್ತಿದ್ದ. ಅವನ ಹಿಂದೆ, ಸೆಳವಿಗೆ ಎದುರಾಗಿ, ದಿಮ್ಮಿಯೊಂದು ಬರುತ್ತಿತ್ತು. ದಿಮ್ಮಿ ಸೆಳವಿಗೆ ಎದುರಾಗಿ ಬರುವುದಿಲ್ಲ.

"ಅಮರೇಶಾ! ಮ್ಯಾಲೆ ಬಾ! ಮ್ಯಾಲೆ ಬಾರೋ ಯಪ್ಪಾ!"

ಅವನು ತಿರುಗಲಿಲ್ಲ. ಬೆನ್ನು ಹಾಕಿಕೊಂಡೇ ಒಂದು ಕೈ ಮೇಲೆತ್ತಿದ.

"ಅಮರೇಶಾ! ಖರೇನ ಅದನೋ! ಖರೇನ ಬಂದದನೋ!"

"ಬಂದೆ ಬೇ," ಎಂದ.

ಅದೇ ಕೊನೆ. ಎತ್ತಿದ ಕೈ ಎತ್ತಿದಂತೆಯೇ ನೀರಿನೊಳಕ್ಕೆ ಹೋಯಿತು. ಅವನ ಪಕ್ಕ ಕಟ್ಟಿದ್ದ ಹರಿಗೋಲು ಒಂದು ಸುತ್ತು ತಿರುಗಿ ನಿಂತಿತು. ಮಡುವಿನಲ್ಲಿ ಪೆಟ್ಟಿಗೆ ಅಳುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಅವತ್ತು ಯಾರಿಗೂ ನೆನಪಾಗಲಿಲ್ಲ.

ಅಮರೇಶನ ದಿನಕರ್ಮ ಮುಗಿದ ಮೇಲೆ ಸುನಂದಾ ಬಂದರು. ಹೊಸ್ತಿಲ ಹೊರಗೆ, ಬರಿನೆಲದ ಮೇಲೆ ಕೂತರು.

"ನಾನು ಅದನ್ನು ತೀರ ಚೆನ್ನಾಗಿ ಮಾಡಿಬಿಟ್ಟೆ ಲಚಮವ್ವ," ಎಂದರು. "ಸ್ವಲ್ಪ ಒರಟಾಗಿದ್ದಿದ್ದರೆ ಇದು ಸುಳ್ಳು, ಅದು ನಿಜ ಎಂದು ಅವು ಬೇರೆ ಮಾಡಿಕೊಳ್ಳುತ್ತಿದ್ದವು. ವ್ಯತ್ಯಾಸವೇ ಇಲ್ಲದಂತೆ ಮಾಡಿದೆ. ಮೋಸ ಎಂದು ಕಲಿತಾಗ ಅವು ಎಲ್ಲವನ್ನೂ ಮೋಸ ಎಂದೇ ಕಲಿತವು. ಇತ್ತೀಚಿನ ಮೂರು ಬೇಸಿಗೆಯ ಗೂಡುಗಳನ್ನು ತೋಡಿಸಿ ನೋಡಿದೆ. ಮೊದಲು ತಾಯಂದಿರು ಪೆಟ್ಟಿಗೆಯ ಹಿಂದೆ ಓಡಿ ಗೂಡು ಬಿಟ್ಟವು, ಆಮೇಲೆ ಕೂಗನ್ನೇ ನಂಬದಾದವು. ಬಲಿತ ಮರಿಗಳೆಲ್ಲ ಒಳಗೇ ಸತ್ತಿವೆ. ನೀವು ಹಗಲೆಲ್ಲ ಒತ್ತುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬಂದು ಕಿತ್ತುಕೊಳ್ಳಬೇಕಿತ್ತು, ಬರಲಿಲ್ಲ."

ಲಚಮವ್ವ ಗೋಡೆಗೆ ಒರಗಿ ಕೂತಿದ್ದಳು. ಬೈಯುತ್ತಾಳೆ ಎಂದು ಸುನಂದಾ ಕಾದರು. ಬೈದಿದ್ದರೆ ಅವರಿಗೂ ಹಗುರವಾಗುತ್ತಿತ್ತು.

"ಡಬ್ಬಿ ಮಾತು ಬಿಡ್ರಿ ಅಕ್ಕಾರ. ಅದು ಸುಳ್ಳು, ಅವು ಕೇಳ್ಲಿಲ್ಲ," ಎಂದಳು ಅವಳು. "ನನ್ನ ದನಿ ಖರೇದಿತ್ತಲ್ರಿ? ನಾನು ಯಂತ್ರ ಅಲ್ಲಲ್ರಿ? ನನ್ನ ಮಗ ಯಾಕ ಕೇಳ್ಲಿಲ್ಲ?"

ಸುನಂದಾ ಮೊಸಳೆಗಳ ಬಗ್ಗೆ ಎಷ್ಟೋ ಓದಿಕೊಂಡವರು. ಇದಕ್ಕೆ ಉತ್ತರ ಅವರಿಗೂ ಗೊತ್ತಿತ್ತು, ಕೇಳಿದವಳಿಗೂ ಗೊತ್ತಿತ್ತು.

ಹೊರಡುವಾಗ ಸುನಂದಾ ಗುಂಡಿಯನ್ನು ಇಸಿದುಕೊಂಡರು. ಈ ಯಂತ್ರವನ್ನು ಎಲ್ಲ ಹೊಳೆಗಳಿಂದ ತೆಗೆಸುತ್ತೇನೆ, ಮೇಲಿನವರು ಆಗಲೇ ಬೇರೆ ದನಿಯ ಹೊಸ ಯಂತ್ರಕ್ಕೆ ಮಂಜೂರಾತಿ ಕೊಟ್ಟಿದ್ದಾರೆ, ನಾನು ಮಾತ್ರ ಅದರಲ್ಲಿ ಇಲ್ಲ ಎಂದರು. "ಸೇತುವೆ?" ಎಂದು ಗಿಡ್ಡಯ್ಯ ಕೇಳಿದ. ಅದು ಬೇರೆ ಇಲಾಖೆ ಎಂದು ಹೇಳಿ ಸುನಂದಾ ತಲೆ ತಗ್ಗಿಸಿ ಹರಿಗೋಲು ಹತ್ತಿದರು.

ಮರುವರ್ಷದ ಬೇಸಿಗೆಯಲ್ಲಿ ಮಡು ಸುಮ್ಮನಿತ್ತು. ಲಚಮವ್ವ ಬಸವ ಜಯಂತಿಯ ಮರುದಿನದಿಂದಲೇ ದಿಬ್ಬದ ಆಚೆ ಹೋಗಿ ಕೂರತೊಡಗಿದಳು. ಊರವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಒಂದು ದಿನ ನೆಲದಡಿಯಿಂದ ಕೂಗು ಎದ್ದಿತು. ಮೋಟಿ ಅದೇ ಜಾಗದಲ್ಲಿ, ತೆಳುನೀರಿನಲ್ಲಿ ಇದ್ದಳು. ಕಲಿತ ಪಾಠವನ್ನು ಅವಳು ಮರೆತಿರಲಿಲ್ಲ. ಲಚಮವ್ವ ಅವಳನ್ನು ನೋಡುತ್ತಲೇ ಮೊಣಕಾಲೂರಿ, ಎರಡೂ ಕೈಗಳಿಂದ ಉಸುಕು ತೋಡಿದಳು. ಉಗುರು ಕಿತ್ತು ರಕ್ತ ಬಂತು. ಒಳಗೆ ಬೆರಳುದ್ದದ ಮೂತಿಗಳು ಸಿಪ್ಪೆ ಒಡೆದು ಹೊರಗೆ ಚಾಚಿದ್ದವು. ಒಂದೊಂದನ್ನೇ ಎತ್ತಿ ಉಡಿಯಲ್ಲಿ ಹಾಕಿಕೊಂಡು ದಂಡೆಗೆ ಬಂದಳು.

ಸುದ್ದಿ ತಿಳಿದು ಊರು ದಂಡೆಯಲ್ಲಿ ಸೇರಿತ್ತು. ಚಂದ ನೋಡಲು ಮಕ್ಕಳು ನೀರಿಗೇ ಇಳಿದಿದ್ದರು. ಅವರನ್ನು ಹಿಡಿಯುವ ನೆವದಲ್ಲಿ ದೊಡ್ಡವರೂ ಇಳಿದಿದ್ದರು. ಗಿಡ್ಡಯ್ಯ ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಬಾಯಿಗೆ ಬಂದಂತೆ ಬೈದ.

"ನಾಚಿಕಿ ಬರಂಗಿಲ್ಲೇನು ಲಚಮಿ ನಿನಗ? ಗಂಡನ್ನ ತಿಂತು, ಮಗನ್ನ ತಿಂತು. ಆ ಜಾತಿಗಿ ಸೂಲಗಿತ್ತಿತನ ಮಾಡಾಕ ಹೊಂಟೀಯೇನು?"

"ಒದರಾಕ ಹತ್ತಿದ್ವು ಮಾವ," ಎಂದಳು ಲಚಮವ್ವ. "ಅವರವ್ವ ಬರೂದಿಲ್ಲ. ಆಕಿ ಕಿವಿ ಕೆಡಿಸಿದಾಕಿ ನಾನು. ಮತ್ಯಾರು ಬರಬೇಕು?"

ಅವಳು ಅಮರೇಶನ ಹುಟ್ಟನ್ನು ಎತ್ತಿಕೊಂಡು ನೀರಿನ ಮೇಲೆ ಅಗಲವಾಗಿ ಬಾರಿಸಿದಳು. ಅಲೆ ಅಡಗುವ ತನಕ ಕಾದಳು. ನೀರು ಕೇಳುವುದನ್ನು ಆ ಮಕ್ಕಳಲ್ಲಿ ಸಣ್ಣವರು ಕಂಡದ್ದು ಅದೇ ಮೊದಲು. ಆಮೇಲೆ ಕೂಗಲಿಲ್ಲ, ಒದರಲಿಲ್ಲ. ಪಕ್ಕದವರಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು:

"ಮ್ಯಾಲೆ ಹೋಗ್ರಿ."

ಹಿಡಿದದ್ದನ್ನು ಹಿಡಿದಲ್ಲೇ ಬಿಟ್ಟು ಊರಿಗೆ ಊರೇ ದಂಡೆಗೆ ಹಾರಿತು. ಮಕ್ಕಳು, ಹೆಂಗಸರು, ಪಂಚೆ ಎತ್ತಿಕೊಂಡು ಗಿಡ್ಡಯ್ಯ, ಒಬ್ಬರೂ ತಿರುಗಿ ಏಕೆ ಎಂದು ಕೇಳಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ಬರಿದಾಯಿತು.

ಲಚಮವ್ವ ಉಡಿಯಲ್ಲಿ ಮರಿಗಳನ್ನು ಹಿಡಿದು ಆ ಖಾಲಿ ನೀರನ್ನೇ ನೋಡುತ್ತ ನಿಂತಳು. ಅಮರೇಶನಿಗೂ ಇಷ್ಟೇ ಹೊತ್ತು ಸಾಕಾಗಿತ್ತು, ಎಂದುಕೊಂಡಳು.